ಹಗ್ಗದೊಳಗಿನ ಹುಲ್ಲು

"ಆ ಸ್ಟಿಕ್ ಕೆಳಗಿಡ್ರಿ."

ಅಬ್ರಾರ ಬೆಚ್ಚಿ ತಿರುಗಿದ. ಓಢಣಿಯನ್ನು ಸೊಂಟಕ್ಕೆ ಬಿಗಿದು, ನೀರಿನ ಪೈಪು ಹಿಡಿದು ನಿಂತಿದ್ದಳು ಶಾಹೀನ. ಪೈಪಿನ ಬಾಯಿ ಅವನ ಎದೆಯ ನೇರಕ್ಕಿತ್ತು.

ಗೋವಾದ ಪರ್ವರಿಯಲ್ಲಿ, ಗಾಲ್ಫ್ ಅಭ್ಯಾಸ ಮಾಡುವ ಆ ರೇಂಜಿಗೆ ಇನ್ನೂ ಯಾರೂ ಬಂದಿರಲಿಲ್ಲ. ಡಿಸೆಂಬರಿನ ಇಬ್ಬನಿ ಹುಲ್ಲಿನ ಮೇಲೆ ಹಾಗೇ ಇತ್ತು. ಆ ಹುಲ್ಲಿನಲ್ಲಿ ಅಂಗೈಯಗಲದ ಒಂಬತ್ತು ಗುಂಡಿಗಳು ಕೆಂಪು ಮಣ್ಣು ತೋರಿಸುತ್ತಿದ್ದವು.

"ಯಾರು ತೋಡಿದ್ದು ಇವನ್ನ?"

"ನಾನರೀ... ಚೆಂಡು ಹೊಡದಾಗ ಆದ್ವು."

"ಒಂದೊಂದಕ್ಕೂ ಮರಳು ಹಾಕಿ, ಬೀಜ ಹಾಕಿ, ಹತ್ತು ದಿನ ನೀರು ಬಿಡಬೇಕು ನಾನು. ಹುಲ್ಲು ಮೆಂಬರ್ ಮಂದಿಗೆ. ನಮ್ಮಂಥವರಿಗೆ ಪ್ಲಾಸ್ಟಿಕ್ ಮ್ಯಾಟ್ ಐತಲ್ಲ."

ನಮ್ಮಂಥವರಿಗೆ... ಅವನನ್ನೂ ತನ್ನೊಡನೆ ಸೇರಿಸಿಕೊಂಡ ಆ ಒಂದು ಪದಕ್ಕೆ ಅಬ್ರಾರನಿಗೆ ನಗು ಬಂತು. ಅವನು ಇಲ್ಲಿ ಚೆಂಡು ಆಯುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹುಲ್ಲು ನೋಡಿಕೊಳ್ಳುವ ಈ ಹುಡುಗಿ ಅವನೊಡನೆ ಮಾತಾಡಿದ್ದು ಇದೇ ಮೊದಲು. ಅವಳೂ ಎರಡು ತಿಂಗಳಿಂದ ತನ್ನನ್ನು ಕದ್ದು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅವಳು ಪೈಪನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದಳು.

ಅವನು ತನ್ನ ಕಷ್ಟ ಹೇಳಿಕೊಂಡ. ಭಾನುವಾರ ಸಹಾಯಕ ಕೋಚ್ ಕೆಲಸಕ್ಕೆ ಪರೀಕ್ಷೆ. ಕೋಚ್ ಹಾರೂನ ಸರ್ ಹತ್ತು ಚೆಂಡು ಕೊಡುತ್ತಾರೆ. ದೂರದ ಬಾವುಟದ ಸುತ್ತಲಿನ ವೃತ್ತದೊಳಗೆ ಆರಾದರೂ ನಿಲ್ಲಬೇಕು. ಎಲ್ಲವನ್ನೂ ಹೊಡೆಯುವುದು ಹುಲ್ಲಿನ ಮೇಲಿಂದ. ಆಗದಿದ್ದರೆ ಸೋಮವಾರವೇ ಸಾವರ್ಡೆಗೆ ಹೋಗಿ ಮಾಮಾನ ಲಾರಿ ಹತ್ತುವುದು. ಅಮ್ಮೀ ಆಗಲೇ ಮಾತು ಕೊಟ್ಟಿದ್ದಾಳೆ.

ಅವನೇನೋ ನಗುತ್ತಲೇ ಹೇಳಿದ. ಶಾಹೀನಳಿಗೆ ಮಾತ್ರ ನಗು ಬರಲಿಲ್ಲ. ಸಾವರ್ಡೆಯೇನು ದೂರವಲ್ಲ... ಆದರೆ ಲಾರಿ ಓಡಿಸುವವನು ಗಾಲ್ಫ್ ರೇಂಜಿಗೆ ಯಾಕೆ ಬರುತ್ತಾನೆ?

ಮ್ಯಾಟ್ ಮೇಲೆ ತನ್ನವು ಹತ್ತಕ್ಕೆ ಒಂಬತ್ತು ವೃತ್ತದೊಳಗೇ ಬೀಳುತ್ತವೆ, ಏನೂ ಭಯವಿಲ್ಲ ಎಂದ ಅವನು.

ಶಾಹೀನ ಗುಂಡಿಗಳ ಹತ್ತಿರ ಕೂತಳು. ಗ್ಲೌಸ್ ಕಳಚಿ, ಬೆರಳಿಂದ ಅಳೆದಳು. ಮೂರು ವರ್ಷದಿಂದ ಎಂಥೆಂಥವರ ಗುಂಡಿಗಳನ್ನೋ ತುಂಬಿದವಳು ಅವಳು.

"ಚೆಂಡು ಈ ಸುಣ್ಣದ ಗೆರಿ ಮ್ಯಾಲೆ ಇಟ್ಟಿದ್ರಿ?"

"ಹೌದ್ರಿ."

"ಚಲೋ ಆಡೋರ ಗುಂಡಿ ಗೆರಿ ಮುಂದ ಇರ್ತಾವ. ನಿಮ್ಮವು ಎಲ್ಲಾ ನಾಕು ಬೆರಳು ಹಿಂದ ಅದಾವ. ನೀವು ಮದಲು ನೆಲ ಹೊಡಿತೀರಿ, ಆಮ್ಯಾಲೆ ಚೆಂಡು. ಮ್ಯಾಟ್ ಮ್ಯಾಲೆ ಸ್ಟಿಕ್ ಜಾರಿ ಹೋಗಿ ಚೆಂಡಿಗೇ ಬಡಿತೈತಿ, ತಪ್ಪು ಗೊತ್ತಾಗಂಗಿಲ್ಲ. ಹುಲ್ಲು ಹಂಗ ಬಿಡಂಗಿಲ್ಲ."

ಅಬ್ರಾರನ ಮುಖ ಸಣ್ಣದಾಯಿತು. "ನೀರು ಬಿಡೋರು ಆಟಾನೂ ಕಲಸ್ತೀರೇನ್ರಿ?"

ಬಾಯಿಂದ ಜಾರಿದ ಮೇಲೆ ಅವನಿಗೇ ಕೆಟ್ಟದೆನಿಸಿತು. ಅಷ್ಟರಲ್ಲಿ ಶಾಹೀನ ಎದ್ದು ಹೊರಟೇಬಿಟ್ಟಿದ್ದಳು. ಅವಳ ಎಡಗೈಯ ಗ್ಲೌಸು ಹುಲ್ಲಿನ ಮೇಲೇ ಉಳಿಯಿತು.

ಮರುದಿನ ಬೆಳಿಗ್ಗೆ ಹುಲ್ಲಿನ ಸುತ್ತ ಹಗ್ಗ! ಭಾನುವಾರದವರೆಗೆ ಯಾರಿಗೂ ಪ್ರವೇಶವಿಲ್ಲ ಎಂಬ ಹಲಗೆ ಬೇರೆ. ಮೆಂಬರುಗಳು ಗೊಣಗಿದರು. ಮ್ಯಾನೇಜರ್ ಕೂಗಾಡಿದರು. ಶಾಹೀನ ತಲೆ ತಗ್ಗಿಸಿ ನಿಂತಳೇ ಹೊರತು ಹಗ್ಗ ಬಿಚ್ಚಲಿಲ್ಲ.

ಒಂದು ಮಾತಿಗೆ ಇಷ್ಟು ಸೇಡೇ, ಅಂದುಕೊಂಡ ಅಬ್ರಾರ.

ಐದು ದಿನ ಇಬ್ಬರಿಗೂ ಮಾತಿಲ್ಲ. ಚಹಾದ ಹೊತ್ತಿಗೆ ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು. ನಡುವೆ ಸಿಕ್ಕಿಕೊಂಡ ಹಿರಿಯ ಮಾಲಿ ಕಂಠೆಪ್ಪ ಈ ಕಡೆಯ ಪಾವು ಬ್ರೆಡ್ಡು ಆ ಕಡೆಗೆ, ಆ ಕಡೆಯ ಸಕ್ಕರೆ ಈ ಕಡೆಗೆ ದಾಟಿಸಿ ಸುಸ್ತಾದ. ನಾ ಇಲ್ಲಿ ಹುಲ್ಲು ನೋಡಾಕ ಬಂದೇನೋ, ನಿಮ್ಮ ಟಪಾಲು ಹಂಚಾಕ ಬಂದೇನೋ ಎಂದು ಬೈದ.

ಸಂಜೆ ಹೊತ್ತು ಅಬ್ರಾರ ಕೊನೆಯ ಮ್ಯಾಟಿನ ಮೇಲೆ ಒಬ್ಬನೇ ಹೊಡೆಯುತ್ತಿದ್ದ. ಪ್ರತಿ ಸಲ ಬಗ್ಗಿ ಏನನ್ನೋ ಸರಿಮಾಡಿ ಇಡುತ್ತಿದ್ದ. ದೂರದಿಂದ ಶಾಹೀನಳಿಗೆ ಏನೆಂದು ಕಾಣುತ್ತಿರಲಿಲ್ಲ. ಸಾವರ್ಡೆಗೆ ಹೋಗ್ತಾನೋ ಬಿಡ್ತಾನೋ... ನನಗೇನು? ಹಾಗಂದುಕೊಂಡು ಕಳೆದ ಗ್ಲೌಸನ್ನು ಹುಡುಕಲು ಹೋಗುವಳು. ಮತ್ತೆ ತಿರುಗಿ ಅವನನ್ನೇ ನೋಡುವಳು.

ಭಾನುವಾರ ಬಂತು. ಕಂಠೆಪ್ಪ ಹಗ್ಗ ಬಿಚ್ಚಿದ. ಒಳಗೆ, ಹಳೆಯ ಗುಂಡಿಗಳ ಪಕ್ಕದಲ್ಲಿ, ಹಾಸಿಗೆಯಷ್ಟು ಉದ್ದಕ್ಕೆ, ಒಂದು ಗುಂಡಿಯೂ ಇಲ್ಲದ ಹುಲ್ಲು. ಸಮವಾಗಿ ಕತ್ತರಿಸಿದ್ದು, ನಡುವೆ ಹೊಸ ಸುಣ್ಣದ ಗೆರೆ.

"ಹಂಗ್ಯಾಕ ನೋಡ್ತಿ?" ಎಂದ ಕಂಠೆಪ್ಪ. "ನಿನ್ನ ಸಲುವಾಗಿ ಉಳಿಸ್ಯಾಳ. ಗುಂಡಿಯೊಳಗ ಚೆಂಡು ಕುಂತ್ರ ಪಾಪ ಹೆಂಗ ಹೊಡಿತಾರ ಕಾಕಾ, ಅಂದ್ಲು. ಮ್ಯಾನೇಜರ್ ಕಡೆ ಬೈಸ್ಕೊಂಡಿದ್ದು ನೀನೂ ಕೇಳಿದ್ದೆಲ್ಲ."

ಅಬ್ರಾರ ಶಾಹೀನಳತ್ತ ನೋಡಿದ. ಅವಳು ನೀರೇ ಬಾರದ ಪೈಪನ್ನು ನೋಡುತ್ತಿದ್ದಳು.

ಅವನು ಗೆರೆಯ ಮೇಲೆ ಚೆಂಡಿಟ್ಟು ಹೊಡೆದ. ಮೊದಲ ಚೆಂಡಿಗೆ ಮಣ್ಣೇ ಹೆಚ್ಚು ಹಾರಿತು. ಎರಡನೆಯದೂ ಅರ್ಧದಲ್ಲೇ ಬಿತ್ತು. ಮೂರನೆಯದೂ. ಇನ್ನು ತಪ್ಪಬಹುದಾದದ್ದು ಒಂದೇ ಒಂದು. ಯಾ ಅಲ್ಲಾ, ಎಂದು ಶಾಹೀನ ಓಢಣಿಯ ಅಂಚು ಹಿಂಡಿದಳು.

ಆಗ ಅಬ್ರಾರ ಜೇಬಿನಿಂದ ಒಂದು ಗ್ಲೌಸ್ ತೆಗೆದ. ಮಾಸಿದ ಹಸಿರು ಬಣ್ಣದ್ದು, ಎಡಗೈಯದು. ಚೆಂಡಿನ ಹಿಂದೆ ನಾಲ್ಕು ಬೆರಳು ಅಳೆದು ಅಲ್ಲಿಟ್ಟ. ಇದೇನೆಂದು ಹಾರೂನ ಸರ್ ಕೇಳಿದರು.

"ಇದಕ್ಕ ಸ್ಟಿಕ್ ತಾಗಬಾರದ್ರಿ ಸರ್."

ಸರ್ ನಕ್ಕು, ಇರಲಿ ಎಂದು ತಲೆಯಾಡಿಸಿದರು.

ಶಾಹೀನಳಿಗೆ ಈಗ ತಿಳಿಯಿತು. ಆ ಕೊನೆಯ ಮ್ಯಾಟ್... ಐದು ಸಂಜೆ... ಅವನು ಬಗ್ಗಿ ಸರಿಮಾಡುತ್ತಿದ್ದದ್ದು ಇದನ್ನೇ.

ನಾಲ್ಕನೆಯ ಚೆಂಡು ವೃತ್ತದೊಳಗೆ. ಐದು, ಆರು, ಏಳೂ ಒಳಗೆ. ಎಂಟನೆಯದು ಉರುಳಿ ಆಚೆ ಹೋಯಿತು. ಒಂಬತ್ತನೆಯದು ಒಳಗೆ ನಿಂತಿತು. ಹತ್ತನೆಯದು ಬಾವುಟದ ಕೋಲಿಗೇ ಬಡಿದು ಅಲ್ಲೇ ಕೂತಿತು!

ಕಂಠೆಪ್ಪ ಚಪ್ಪಾಳೆ ಹೊಡೆದ. ಹಾರೂನ ಸರ್ ಬೆನ್ನು ತಟ್ಟಿ, ನಾಳೆಯಿಂದ ಕೋಚಿಂಗಿಗೆ ಬಾ ಎಂದರು.

ಎಲ್ಲರೂ ಹೋದ ಮೇಲೆ ಶಾಹೀನ ಮರಳಿನ ಬಕೆಟ್ ತಂದಳು. ಕೊನೆಯ ಏಳು ಗುಂಡಿಗಳು ಗೆರೆಯ ಮುಂದಿದ್ದವು. ಅವಳೆದುರು ಅಬ್ರಾರ ಮಂಡಿಯೂರಿದ.

"ಮದಲ್ನೇ ದಿನ ಈ ಗ್ಲೌಸಿಗೆ ಇಪ್ಪತ್ತು ಸಲ ಬಡದೆ. ಪ್ರತಿ ಸಲ ಮಾಫಿ ಕೇಳೇನಿ."

"ಗ್ಲೌಸಿಗೆ?"

"ನಿಮಗ ಕೇಳೋ ಧೈರ್ಯ ಇರಲಿಲ್ಲ."

"ಈಗ ಐತೇನ್ರಿ?"

"ಮಾಫ್ ಮಾಡ್ರಿ, ಶಾಹೀನ. ಅವತ್ತು ನೀವು ಹೇಳಿದ್ದು ಖರೇನ ಇತ್ತು." ಅವನು ಮರಳನ್ನೇ ನೋಡುತ್ತಾ ಮುಂದುವರಿದ. "ನಾ ಸಾವರ್ಡೆಗೆ ಹೋಗಂಗಿಲ್ಲ ಅಂದ್ರ ಅಮ್ಮೀ ಯಾಕ ಅಂತ ಕೇಳ್ತಾಳ. ಕೆಲಸ ಸಿಕ್ತು ಅಂತೀನಿ. ನಿಮ್ಮ ಹೆಸರೂ ಹೇಳ್ಲೇನ್ರಿ?"

ಶಾಹೀನಳ ಕಿವಿ ಕೆಂಪಾಯಿತು. "ಮದಲು ಈ ಗುಂಡಿ ತುಂಬ್ರಿ. ಹತ್ತೂ."

"ತುಂಬಿದ ಮ್ಯಾಲೆ?"

"ಹತ್ತು ದಿನ ನೀರು ಬಿಡ್ರಿ."

"ಆಮ್ಯಾಲೆ?"

"ಆಮ್ಯಾಲೆ ಅಮ್ಮೀನ ಕರ್ಕೊಂಡು ನಮ್ಮ ಮನಿಗೆ ಬರ್ರಿ. ಗ್ಲೌಸೂ ತರ್ರಿ, ಮರೀಬ್ಯಾಡ್ರಿ."

ಅಬ್ರಾರ ಬಕೆಟನ್ನು ತನ್ನತ್ತ ಎಳೆದುಕೊಂಡ. ಮರಳು ಸುರಿದ. ಬೀಜದ ಚೀಲಕ್ಕೆ ಕೈ ಹಾಕಿ ಮುಷ್ಟಿ ತುಂಬ ತೆಗೆದ.

"ಇಷ್ಟು ಸಾಕೇನ್ರಿ?"

"ಅಯ್ಯ, ಅಷ್ಟಲ್ಲ." ಶಾಹೀನ ತನ್ನ ಬರಿಯ ಎಡಗೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಚಿಟಿಕಿ ಸಾಕು. ತಾನ ಹಬ್ಬತೈತಿ."