ಎಂಜಿನ್ ತಣಿಯುವಷ್ಟು ಹೊತ್ತು

"ಮೊದಲ ಆ ಗಾಡಿ ಬಂದ್ ಮಾಡ್ರಿ!"

ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಅರ್ಧ ಹೊಲಿದ ಬಿಳಿ ರೇಷ್ಮೆಯ ಕುಪ್ಪಸ. ಸುಮಲತಾ ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಬಂದಿದ್ದಳು.

ಅವಳ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಬೇವಿನ ಮರದ ಕೆಳಗೆ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಕಾರೊಂದು ಗುರುಗುಟ್ಟುತ್ತ ನಿಂತಿತ್ತು. ನೆಲಕ್ಕೆ ಅಂಟಿಕೊಂಡಂಥ ಕಾರು. ಉದ್ದನೆಯ ಮೂತಿ, ಎರಡೇ ಬಾಗಿಲು. ಬೈರಿದೇವರಕೊಪ್ಪದ ಜನ ಅಂಥದ್ದನ್ನು ಅದುವರೆಗೆ ನೋಡಿರಲಿಲ್ಲ. ಅದು ಎಬ್ಬಿಸಿದ ಧೂಳೆಲ್ಲ ಕಿಟಕಿಯಿಂದ ಒಳಗೆ ಬಂದು, ಮದುಮಗಳ ಕುಪ್ಪಸದ ಮೇಲೆ ಕೂತಿತ್ತು.

ಒಳಗಿದ್ದವನು ತಲೆಯೆತ್ತಿ ಅವಳನ್ನು ನೋಡಿದ. ಸುಮ್ಮನೆ ನೋಡುತ್ತಲೇ ಕೂತ.

ಬಹಳ ಹೊತ್ತಿನ ಮೇಲೆ, "ಸ್ವಲ್ಪ ತಡೀರಿ," ಅಂದ.

ತಡೆಯಬೇಕಂತೆ! ಎಂಥ ಸೊಕ್ಕು! ಸುಮಲತಾಳ ಮೂಗಿನ ತುದಿ ಕೆಂಪಾಯಿತು. ಅವನು ಮಾತ್ರ ಮುಂದಿನ ಗಡಿಯಾರದಂಥ ಮೀಟರಿನ ಮುಳ್ಳನ್ನು ನೋಡುತ್ತ, ನಡುವೆ ಒಮ್ಮೆ ಅವಳನ್ನೂ ನೋಡುತ್ತ, ತನ್ನ ಸಮಯಕ್ಕೆ ತಾನು ಚಾವಿ ತಿರುವಿದ. ಇಳಿದು, ಕಾರಿನ ನೆತ್ತಿಯ ಮೇಲೆ ಎತ್ತಿನ ಬೆನ್ನು ಸವರಿದಂತೆ ಕೈಯಾಡಿಸಿ, ತಲೆ ತಗ್ಗಿಸಿ ಹಿಂದಿನ ಓಣಿಗೆ ಹೊರಟುಹೋದ.

ಇದು 2002ರ ಶ್ರಾವಣದ ಮಾತು.

ಮರುದಿನ ಅವನ ಸೋದರತ್ತೆ ರೇಣವ್ವ ಬಂದು, ಸುಮಲತಾಳ ತಂದೆ ಗುರುಶಿದ್ದಪ್ಪನವರ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಡುಗನ ಹೆಸರು ಹನಮೇಶ. ತಾರಿಹಾಳದಲ್ಲಿ ಸ್ವಂತದ್ದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ತಾವು ಬಾಡಿಗೆ ಹಿಡಿದ ಮನೆಯ ಓಣಿ ಇಕ್ಕಟ್ಟು, ಕಾರು ಒಳಗೆ ಹೋಗುವುದಿಲ್ಲ. ಅಣ್ಣಾವರ ಸೈಟಿನಲ್ಲಿ ನಿಲ್ಲಿಸಲು ಅಪ್ಪಣೆ ಕೊಡಬೇಕು. ರೇಣವ್ವ ತಮ್ಮ ತಾಯಿಯ ತವರೂರಿನವಳು ಎಂದು ತಿಳಿದ ಮೇಲೆ, ಹತ್ತಿ ವ್ಯಾಪಾರಿ ಗುರುಶಿದ್ದಪ್ಪನವರು ಎರಡು ಮಾತಾಡದೆ ಒಪ್ಪಿದರು.

ಉಳಿದ ಕತೆಯನ್ನು ತಂದವಳು ಶಮೀಮ. ಸುಮಲತಾಳ ಜೊತೆ ಕೂತು ಸೀರೆಗಳಿಗೆ ಫಾಲ್ ಹಚ್ಚುವ ಗೆಳತಿ. ಅವಳ ಅಣ್ಣ ಹಳೇ ಹುಬ್ಬಳ್ಳಿಯಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದ, ಹನಮೇಶನಿಗೆ ದೋಸ್ತ.

ಆ ಕಾರು ಜಪಾನಿನದು. ಸಿಂಗಾಪುರದಿಂದ ಕಾರವಾರದ ಹಡಗಿನ ಎಂಜಿನಿಯರೊಬ್ಬರು ತಂದಿದ್ದರು. ಬಿಡಿಭಾಗ ಸಿಗದೆ ಅದು ವಾಸ್ಕೋದ ಗೋದಾಮೊಂದರಲ್ಲಿ ಸಮುದ್ರದ ಗಾಳಿಗೆ ತುಕ್ಕು ತಿನ್ನುತ್ತ ಬಿದ್ದಿತ್ತು. ಹನಮೇಶ ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದಾಗ, ಗುಜರಿಗೆ ಹಾಕು ಎಂದು ಎಲ್ಲರೂ ನಕ್ಕರು. ಇನ್ನು ಕೆಲವರು ಆ ಎಂಜಿನ್ ಕಿತ್ತು, ಡೀಸೆಲ್ ಎಂಜಿನ್ ಇಳಿಸು, ಮೈಲೇಜಾದರೂ ಬರಲಿ ಎಂದರು. ಅವನು ಯಾರಿಗೂ ಉತ್ತರ ಕೊಡಲಿಲ್ಲ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದು ಬೆಸೆದ. ಸಿಗದ ಪೈಪುಗಳನ್ನು ತನ್ನ ಲೇತಿನ ಮೇಲೆ ತಾನೇ ಕಡೆದ. ಗಾಳಿ ತಂಪು ಮಾಡುವ ಜಾಳಿಗೆಯನ್ನು ದೊಡ್ಡದು ಮಾಡಿಸಿದ. ಊರಿನ ಹಂಪುಗಳಿಗೆ ಹೊಟ್ಟೆ ತಾಗದಂತೆ ಸ್ಪ್ರಿಂಗುಗಳನ್ನು ಎತ್ತರಿಸಿದ. ಮುಂಬಯಿಯ ಕುರ್ಲಾದ ಹಳೆಯ ಸಾಮಾನಿನ ಬಜಾರಿಗೆ ಎಷ್ಟು ಸಲ ಹೋಗಿಬಂದನೋ ಅವನಿಗೇ ಲೆಕ್ಕವಿಲ್ಲ.

ಸುಮಲತಾ ಕೇಳುತ್ತ ಕೇಳುತ್ತ ಮಷಿನ್ ತುಳಿಯುವುದನ್ನೇ ಮರೆತಿದ್ದಳು.

ಸೊಕ್ಕಿನ ಮನುಷ್ಯನಲ್ಲ ಹಾಗಾದರೆ...

ಅವಳ ಹೊಲಿಗೆ ಮಷಿನ್ ಇದ್ದದ್ದು ಸೈಟಿನ ಕಡೆಯ ಕಿಟಕಿಯಲ್ಲಿ. ದಿನವೂ ಸಂಜೆ ಕೆಂಪು ಕಾರು ಬರುತ್ತಿತ್ತು. ದಿನವೂ ಹನಮೇಶ ಎಂಜಿನ್ ಬಂದ್ ಮಾಡದೆ, ಗಾಜು ಇಳಿಸಿ, ಸ್ವಲ್ಪ ಹೊತ್ತು ಹಾಗೇ ಕೂಡುತ್ತಿದ್ದ. ಅವನ ಮುಖ ಕಿಟಕಿಯ ಕಡೆಗೇ ಇರುತ್ತಿತ್ತು.

ಮೊದಮೊದಲು ಅವಳು ಪರದೆ ಎಳೆದಳು. ಆಮೇಲೆ ಅರ್ಧ ಎಳೆದಳು. ದಸರೆಯ ಹೊತ್ತಿಗೆ ಪರದೆ ಎಳೆಯುವುದನ್ನೇ ಬಿಟ್ಟಳು. ದೂರದಿಂದಲೇ ಆ ಎಂಜಿನ್ನಿನ ಸಪ್ಪಳ ಅವಳಿಗೆ ಗುರುತು ಸಿಗುತ್ತಿತ್ತು. ಅದು ತಿರುವಿಗೆ ಬಂದಾಗ ಸೂಜಿಗೆ ದಾರ ಪೋಣಿಸುವ ಕೆಲಸವೇ ನೆನಪಾಗುತ್ತಿತ್ತು ಅವಳಿಗೆ, ತಲೆ ಬಗ್ಗಿಸಿ ನಿಧಾನವಾಗಿ ಮಾಡುವಂಥ ಕೆಲಸ!

ನನಗಾಗಿಯೇ ಕೂಡುತ್ತಾನೆ. ಇಲ್ಲದಿದ್ದರೆ ಪೆಟ್ರೋಲು ಸುಟ್ಟುಕೊಂಡು ಯಾರು ಕೂತಾರು?

ಅವನು ಮಾತಾಡಿಸಲಿಲ್ಲ. ಇವಳೂ ಮಾತಾಡಲಿಲ್ಲ. ಆದರೂ ಎಲ್ಲ ಹೇಳಿಯಾಗಿದೆ ಎಂದೇ ಸುಮಲತಾ ನಂಬಿದ್ದಳು.

ಬೇಸಿಗೆ ಕಾಲಿಡುವಾಗ ನರಗುಂದದಿಂದ ಸಂಬಂಧ ಬಂತು. ಹತ್ತಿ ಜಿನ್ನಿಂಗ್ ಮಿಲ್ಲಿನ ಮನೆತನ. ಸೋಮವಾರ ಹುಡುಗಿ ನೋಡಲು ಬರುತ್ತೇವೆ ಎಂದಿದ್ದರು. ಗುರುಶಿದ್ದಪ್ಪನವರು ಮಗಳನ್ನು ಕೂಡಿಸಿಕೊಂಡು, ನಿನಗೆ ಮನಸ್ಸಿದ್ದರೆ ಮಾತ್ರ ಬರ್ರಿ ಅಂತ ಹೇಳುತ್ತೇನೆ, ಯೋಚನೆ ಮಾಡಿ ಹೇಳು ಎಂದರು.

ಇನ್ನು ಸುಮ್ಮನಿರುವಂತಿಲ್ಲ. ಆ ಸಂಜೆ ಕಾರು ಬಂದದ್ದೇ ತಡ, ಅವಳು ಸೈಟಿಗೆ ಇಳಿದಳು.

ಕೇಳಬೇಕಾದದ್ದು ಒಂದೇ ಮಾತು. ಆದರೆ ಕೊರಳು ನಡುಗಿತು; ನಡುಗುವುದು ಕಾಣಬಾರದೆಂದು ಬಿಗಿ ಹಿಡಿದಾಗ, ಮಾತು ಜಗಳದ ಹಾಗೆ ಹೊರಬಿತ್ತು.

"ದಿನಾ ಗಾಡಿ ಚಾಲೂ ಇಟ್ಟು ಇಲ್ಲೆ ಯಾಕ ಕೂಡತೀರಿ?"

ಹನಮೇಶ ಗಾಬರಿಯಾದ. ಅವಳ ಹಿಂದೆ, ಕಟ್ಟೆಯ ಮೇಲೆ ಗುರುಶಿದ್ದಪ್ಪನವರು ನಿಂತಿದ್ದರು.

"ಇದಕ್ಕ ಟರ್ಬೋ ಐತ್ರಿ," ಅಂದ. ನಿಧಾನವಾಗಿ ವಿವರಿಸಿದ. ಎಂಜಿನ್ನಿನ ಹೊಗೆ ಹೊರಗೆ ಹೋಗುವಾಗ ಒಂದು ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಆ ಗಾಲಿ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ, ಅದೇ ಕಾರಿನ ಶಕ್ತಿ. ಓಡಿ ಬಂದಾಗ ಆ ಭಾಗ ಕುಲುಮೆಯ ಕಬ್ಬಿಣದಂತೆ ಕಾದಿರುತ್ತದೆ. ಒಮ್ಮೆಲೆ ಬಂದ್ ಮಾಡಿದರೆ ಒಳಗಿನ ಎಣ್ಣೆ ನಿಂತಲ್ಲೇ ಸುಟ್ಟು, ಗಾಲಿ ಹಾಳಾಗುತ್ತದೆ. ಅದು ತಣಿಯುವ ತನಕ ಎಂಜಿನ್ ಚಾಲೂ ಇಡಬೇಕು.

"ಅಷ್ಟೇನ್ರಿ?"

"ಅಷ್ಟರಿ."

ನಿಂತ ನೆಲವೇ ಸರಿದಂತಾಯಿತು. ಇಷ್ಟು ತಿಂಗಳು... ಒಂದು ಗಾಲಿ ತಣಿಯಲೆಂದು ಕೂತವನನ್ನು ನೋಡಿ ನಾನು ದಾರ ಪೋಣಿಸಿದೆನೇ? ಅಯ್ಯೋ, ಎಂಥ ಹುಚ್ಚಿ ನಾನು!

"ಸಪ್ಪಳ ಆಗತೈತಿ. ಅದಕ್ಕ ಕೇಳಿದೆ," ಎಂದು ಹೇಳಿ ಒಳಗೆ ಬಂದಳು. ತಂದೆಗೆ, ನರಗುಂದದವರನ್ನು ಬರ್ರಿ ಅನ್ನಿ ಎಂದಳು.

ಮರುದಿನ ಕೆಂಪು ಕಾರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳಿಗೆ ಸಪ್ಪಳವಾಗಬಾರದೆಂದು ಹನಮೇಶ ಅದನ್ನು ತಾರಿಹಾಳದಲ್ಲೇ ಬಿಟ್ಟು ಸೈಕಲ್ಲಿನ ಮೇಲೆ ಓಡಾಡತೊಡಗಿದ್ದ.

ಬೇವಿನ ಕೆಳಗಿನ ಖಾಲಿ ಜಾಗ ನೋಡಿ ಮಾತು ತೆಗೆದವಳು ಶಮೀಮ. ಕಾರಿಗೇನಾಗಿದೆ, ತನ್ನ ಅಣ್ಣ ಹಾಕಿಕೊಟ್ಟದ್ದು ಕೆಟ್ಟಿತೋ ಏನೋ ಎಂದಳು. ಏನು ಹಾಕಿಕೊಟ್ಟದ್ದು ಎಂದು ಸುಮಲತಾ ತಲೆಯೆತ್ತದೆ ಕೇಳಿದಳು.

"ಟೈಮರ್ ಅಂತ. ಬೋರವೆಲ್ ಪಂಪಿಗೆ ಇರತೈತಲ್ಲ, ಹಂಥಾದ್ದ ಸಣ್ಣದು. ದೀಪಾವಳಿಗೆ ಹಾಕಿಕೊಟ್ಟಾನ. ಚಾವಿ ತಗದು ಮನಿಗೆ ಹೋದ್ರೂ, ಗಾಡಿ ಚಾಲೂ ಇದ್ದು, ತಣದ ಮ್ಯಾಲ ತಾನ ಬಂದ್ ಆಗತೈತಿ."

ಸುಮಲತಾಳ ಕೈಯಲ್ಲಿನ ಬಟ್ಟೆ ಜಾರಿತು.

"ದೀಪಾವಳಿಗೇನ?"

"ಹೂಂ."

"ಮತ್ತ... ಮೊನ್ನಿ ತನಕ ಕೂಡತಿದ್ನಲ್ಲ ಶಮೀಮ?"

ಶಮೀಮ ಹಲ್ಲಿನಿಂದ ದಾರ ಕಡಿದು, ಗೆಳತಿಯ ಮುಖ ನೋಡಿದಳು. "ಅದನ್ನ ನನಗೇನ ಕೇಳ್ತಿ? ತಾರಿಹಾಳಕ್ಕ ಬಸ್ ಐತಿ."

ವರ್ಕ್‌ಶಾಪಿನ ಮುಂದೆ ಅವಳು ಇಳಿದಾಗ ಬಿಸಿಲು ಬೆಂಕಿಯಂತಿತ್ತು. ಕಾರಿನ ಬಾನೆಟ್ ತೆರೆದಿತ್ತು. ಅದರ ಒಳಗನ್ನು ಸುಮಲತಾ ನೋಡಿದ್ದು ಅಂದೇ ಮೊದಲು. ಕಡೆದ ಪೈಪುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಒಂದೊಂದು ವೈರೂ ಹೆರಳು ಹಾಕಿದಷ್ಟು ಅಚ್ಚುಕಟ್ಟು. ಬಟ್ಟೆಯ ಒಳಹೊಲಿಗೆ ಯಾರಿಗೂ ಕಾಣದಿದ್ದರೂ ನೀಟಾಗಿರಬೇಕು ಎನ್ನುವವಳು ಅವಳು. ಇವನೂ ಹಾಗೆಯೇ ಅಲ್ಲವೇ? ಸಿಟ್ಟಿನಲ್ಲಿ ಬಂದವಳ ಕಣ್ಣು ಒಂದು ಗಳಿಗೆ ಅಲ್ಲೇ ನಿಂತುಬಿಟ್ಟಿತು.

ಹನಮೇಶ ಕೈ ಒರೆಸಿಕೊಳ್ಳುತ್ತ ಎದ್ದು ನಿಂತ.

"ದೀಪಾವಳಿ ಆದ ಮ್ಯಾಲ ಯಾರು ತಣೀಬೇಕಂತ ಕೂಡತಿದ್ರಿ?" ಎಂದು ಕೇಳಿದಳು ಸುಮಲತಾ.

ಅವನು ಕೈ ಒರೆಸುತ್ತಲೇ ಇದ್ದ. ಒರೆಸಲು ಏನೂ ಉಳಿದಿರಲಿಲ್ಲ.

"ನಾ ಸುಳ್ಳ ಹೇಳಿದ್ನಿರಿ. ನಿಮ್ಮ ಅಪ್ಪಾರು ಕಟ್ಟಿ ಮ್ಯಾಲ ನಿಂತಿದ್ರು. ನೀವು ಜಗಳಕ್ಕ ಬಂದೀರಿ ಅಂತ ತಿಳದೆ." ತಡೆದ. ಮತ್ತೆ ಮೆಲ್ಲಗೆ ಹೇಳಿದ: "ಟೈಮರ್ ಹಾಕಿದ ದಿನ ನನಗ ಭಾಳ ಬ್ಯಾಸರ ಆತು. ಇನ್ನ ಕೂಡಾಕ ನೆವಾನ ಇಲ್ಲಲ್ಲ ಅಂತ. ಆದ್ರೂ ಕೂತೆ. ನಿಮ್ಮನ್ನ ನೋಡದೆ ಮನಿಗೆ ಹೋಗೂದು ಆಗಲಿಲ್ರಿ ನನಗ."

ಸುಮಲತಾಳ ಕಣ್ಣು ತುಂಬಿತು. "ಸೋಮವಾರ ನರಗುಂದದವರು ನೋಡಾಕ ಬರತಾರ. ನಾ ಹೂಂ ಅಂದೀನಿ."

"ಹೂಂ ಅಂದ್ರ್ಯಾ?"

"ಅಷ್ಟರಿ ಅಂದವರು ಯಾರು?"

ಅವನ ಮುಖ ಬಿಳಿಚಿತು. ಆಮೇಲೆ, ಅವಳು ಎಂದೂ ನೋಡಿರದಷ್ಟು ಬೇಗ ಅವನು ಮಾತಾಡಿದ. "ನಾಳೆ ಮುಂಜಾನೆ ಅತ್ತಿನ್ನ ಕರಕೊಂಡು ನಿಮ್ಮ ಮನಿಗೆ ಬರತೇನಿ."

ಬಂದ. ಕೆಂಪು ಕಾರಿನಲ್ಲೇ ಬಂದ.

ಗುರುಶಿದ್ದಪ್ಪನವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಹುಡುಗನ ನಡತೆ, ದುಡಿಮೆ, ರೇಣವ್ವನ ಮನೆತನ, ಯಾವುದರಲ್ಲೂ ಕೊರತೆ ಇರಲಿಲ್ಲ. ಅವರಿಗಿದ್ದದ್ದು ಒಂದೇ ತಕರಾರು.

"ಎರಡ ಬಾಗಿಲದ ಗಾಡಿ ಇಟ್ಟಾಂವ ಸಂಸಾರ ಹೆಂಗ ಮಾಡತಾನು? ಮನಿಮಂದಿ ಎಲ್ಲಿ ಕೂಡಬೇಕು? ಅದು ಒಬ್ಬಂಟಿಗ್ಯಾನ ಗಾಡಿ. ಅದನ್ನ ಮಾರು. ನಾ ನರಗುಂದಕ್ಕ ಇವತ್ತ ಬ್ಯಾಡಂತ ಹೇಳಿ ಕಳಸತೇನಿ."

ಹನಮೇಶ ಬಾಗಿಲಾಚೆ ನೋಡಿದ. ಬೇವಿನ ನೆರಳಲ್ಲಿ ಕಾರು ನಿಂತಿತ್ತು. ಅದರ ಮೈಮೇಲೆ ಅವನ ಕೈ ತಾಗದ ಒಂದು ಬೆರಳಗಲ ಜಾಗವೂ ಇರಲಿಲ್ಲ.

"ಮಾರತೇನ್ರಿ," ಅಂದ.

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸುಮಲತಾಳಿಗೆ, ಆ ಒಂದು ಮಾತಿಗೆ ಅವನು ತೆತ್ತದ್ದೇನೆಂದು ತಿಳಿಯಿತು. ಅದನ್ನು ಅವನು ಅವಳಿಗಾಗಿ ಕೊಟ್ಟಿದ್ದ. ತೆಗೆದುಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ.

"ಅಪ್ಪಾ, ಅದನ್ನ ಮಾರಿಸಿದ್ರ ನಾ ಈ ಮದುವಿ ಒಲ್ಲೆ."

ಗುರುಶಿದ್ದಪ್ಪನವರು ತಿರುಗಿ ನೋಡಿದರು. ಮಗಳು ಹಿರಿಯರ ನಡುವೆ ಹೀಗೆ ಮಾತಾಡಿದವಳಲ್ಲ. ಅವಳು ತಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದಳು.

"ಉಪ್ಪಗಾಳ್ಯಾಗ ಕೊಳತ ಬಿದ್ದಿದ್ದನ್ನ ಎತ್ತಿ ತಂದಾರ. ಊರೆಲ್ಲಾ ನಕ್ಕರೂ ಕೈ ಬಿಡಲಿಲ್ಲ. ಹಿಂತಾ ಕೈಯಾಗ ನನ್ನ ಕೊಡ್ರಿ. ಅದನ್ನ ಬಿಡಿಸಿ ಕೊಡಬ್ಯಾಡ್ರಿ."

ರೇಣವ್ವ ಸೆರಗು ಸರಿಮಾಡಿಕೊಂಡು, "ಗುರುಶಿದ್ದಪ್ಪಣ್ಣ, ನಾ ಈಗ ಅದರ ಹಿಂದಿನ ಸೀಟಿನ್ಯಾಗ ಕೂತ ಬಂದೇನಿ. ಹತ್ತೂದ ತ್ರಾಸ ಖರೇ. ಕೂತ ಮ್ಯಾಲ ಛಲೋ ಐತಿ," ಅಂದಳು.

ಗುರುಶಿದ್ದಪ್ಪನವರು ಎದ್ದು ಸೈಟಿಗೆ ನಡೆದರು. ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದು, ಬಗ್ಗಿ, ನುಸುಳಿ, ಹಿಂದಿನ ಸೀಟಿನಲ್ಲಿ ಕೂತರು. ಬಹಳ ಹೊತ್ತು ಒಳಗಿನ ಕೆಲಸವನ್ನೆಲ್ಲ ನೋಡಿದರು. ಹತ್ತಿಯ ಎಳೆ ಎಳೆದು ನೋಡುವ ಅದೇ ಕಣ್ಣು. ಇಳಿಯಲು ಹೋದಾಗ ಸೊಂಟ ಏಳಲಿಲ್ಲ. ಹನಮೇಶ ಓಡಿಬಂದು ಕೈ ಕೊಟ್ಟ. ಆ ಕೈಯನ್ನು ಅವರು ಇಳಿದ ಮೇಲೂ ಬಿಡಲಿಲ್ಲ. ನರಗುಂದದ ಫೋನ್ ನಂಬರ್ ತಗೊಂಡು ಬಾ ಎಂದು ಮಗಳನ್ನು ಕೂಗಿದರು.

ನಿಶ್ಚಿತಾರ್ಥ ಮುಗಿದ ಮೇಲಿನ ಒಂದು ರವಿವಾರ, ತಾರಿಹಾಳದ ಆಚೆಯ ಖಾಲಿ ರಸ್ತೆಯಲ್ಲಿ ಹನಮೇಶ ಕಾರು ನಿಲ್ಲಿಸಿ ಇಳಿದ. ಸುತ್ತಿ ಬಂದು, ಅವಳ ಕಡೆಯ ಬಾಗಿಲು ತೆರೆದು, ನೀವು ನಡಸ್ರಿ ಎಂದ. ಈ ಕಾರಿನ ಸ್ಟೇರಿಂಗನ್ನು ಅವನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಕ್ಲಚ್ಚು, ಗೇರು ಎಲ್ಲ ಹೇಳಿಕೊಟ್ಟ. ಎರಡು ಸಲ ಎಂಜಿನ್ ನಿಂತಿತು. ಮೂರನೆಯ ಸಲ ಕಾರು ಮೆಲ್ಲಗೆ ಹೊರಟಿತು.

"ಈಗ ಒತ್ರಿ," ಅಂದ ಹನಮೇಶ.

ಸುಮಲತಾ ಒತ್ತಿದಳು. ಕಾರು ಮೊದಲಿನಷ್ಟೇ ನಿಧಾನವಾಗಿ ಹೋಗುತ್ತಿತ್ತು.

"ಏನೂ ಆಗವಲ್ದಲ್ರಿ?"

"ಕಾಲ ತಗೀಬ್ಯಾಡ್ರಿ. ಗಾಳಿ ತುಂಬಾಕತ್ತೈತಿ ಅದು. ತಡಾ ಆದ್ರೂ ಬರತೈತಿ."

ಮರುಗಳಿಗೆಯಲ್ಲಿ ಎಲ್ಲಿಂದಲೋ ಒಂದು ಸಿಳ್ಳೆಯಂಥ ದನಿ ಎದ್ದಿತು. ಬೆನ್ನು ಸೀಟಿಗೆ ಅಂಟಿತು. ಕೆಂಪು ಕಾರು ಅವಳನ್ನು ಎತ್ತಿಕೊಂಡು ಮುಂದಕ್ಕೆ ಹಾರಿತು. ಎರಡೂ ಬದಿಯ ಹೊಲಗಳು ಹಿಂದಕ್ಕೆ ಓಡಿದವು. ಸುಮಲತಾ ಗಟ್ಟಿಯಾಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ಹೆಂಗೈತ್ರಿ?" ಎಂದು ಅವನು ಅಳುಕುತ್ತ ಕೇಳಿದ.

ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಥೇಟ್ ನಿಮ್ಮಂಗ ಐತಿ," ಅಂದಳು.