ಗಿಳಿಹಸಿರು ಸೀರೆಯ ವಿಡಿಯೊ

ಓಬಳೇಶನ ಮರ್ಯಾದೆ ಹೋದದ್ದು ಮೊಳಕಾಲ್ಮೂರಿನಲ್ಲಿ, ಬೆಳಗಿನ ಹನ್ನೊಂದು ಇಪ್ಪತ್ತಕ್ಕೆ, ಸಾವಿರದ ಎಂಟುನೂರು ಜನರ ಕಣ್ಣೆದುರು. ಸಮಯವೂ ಜನಸಂಖ್ಯೆಯೂ ಅವನಿಗೆ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿತ್ತು. ಎರಡೂ ಅಂಕಿಗಳು ಮೊಬೈಲಿನ ಪರದೆಯ ಮೇಲೆಯೇ ಇದ್ದವು, ಆ ಮೊಬೈಲನ್ನು ಹಿಡಿದು ನಿಂತವನು ಅವನೇ.

ಶಾಂತವೀರಪ್ಪನವರ ರೇಷ್ಮೆ ಸೀರೆಯ ಅಂಗಡಿಯನ್ನು ಊರಿನ ಬೀದಿಯಿಂದ ಎತ್ತಿ ಇಂಟರ್‌ನೆಟ್ಟಿನಲ್ಲಿ ಕೂರಿಸಿದ್ದವನು ಓಬಳೇಶ. ಪುಟ ತೆರೆದದ್ದು, ಫೋಟೊ ತೆಗೆದದ್ದು, ವಾರಕ್ಕೆರಡು ಸಲ ಲೈವ್ ಮಾಡಿಸಿದ್ದು, ಅರವತ್ತು ಸಾವಿರ ಫಾಲೋವರ್ಸ್ ಸೇರಿಸಿದ್ದು, ಎಲ್ಲವೂ ಅವನ ಮೂರು ವರ್ಷದ ದುಡಿಮೆ. ದಸರಾ ಮಾರಾಟದ ಲೈವ್ ನಡೆಯುತ್ತಿದ್ದಾಗ ಶಾಂತವೀರಪ್ಪ ಮಾತು ನಿಲ್ಲಿಸಿ ನೇರವಾಗಿ ಕ್ಯಾಮೆರಾ ನೋಡಿದ್ದರು.

“ಇವತ್ತು ಒಂದು ಸೀರೆ ಕಮ್ಮಿ ಬಂದೈತೆ. ಯಾರ ಕೈಗೆ ಹೋಗೈತೆ ಅಂತ ನಂಗೆ ಗೊತ್ತು. ಈ ಮೊಬೈಲ್ ಹಿಡ್ಕಂಡಿರೋ ಓಬಳೇಶ ನಾಳೆಯಿಂದ ನಮ್ಮಲ್ಲಿರಲ್ಲ. ಯಾರೂ ಅವನ ನಂಬರಿಗೆ ದುಡ್ಡು ಹಾಕಬ್ಯಾಡ್ರಿ.”

ನಾಲ್ಕು ದಿನಗಳ ನಂತರ ಆ ಸೀರೆ ಪಾಲಿಶ್‌ಗೆ ಹೋಗಿದ್ದ ಕಟ್ಟಿನಲ್ಲಿ ಸಿಕ್ಕಿತು. ಶಾಂತವೀರಪ್ಪ ಅವನಿಗೊಂದು ಧ್ವನಿ ಸಂದೇಶ ಕಳಿಸಿದರು. “ಸೀರೆ ಸಿಕ್ತಪ್ಪಾ. ಮನಸಿಗೆ ಹಚ್ಕೋಬ್ಯಾಡ.” ಕಳ್ಳನೆಂದದ್ದು ಸಾವಿರದ ಎಂಟುನೂರು ಜನರಿಗೆ ಕೇಳಿಸಿತ್ತು, ಅಲ್ಲವೆಂದದ್ದು ಒಬ್ಬನಿಗೆ.

ಆ ಲೈವ್‌ನ ತುಣುಕನ್ನು ಯಾರೋ ಕತ್ತರಿಸಿ, ನಗುವಿನ ಸದ್ದು ಸೇರಿಸಿ ರೀಲ್ಸ್ ಮಾಡಿದರು. ಓಬಳೇಶ ಚಳ್ಳಕೆರೆಯಲ್ಲಿದ್ದ ತಾಯಿಯ ಮನೆಗೆ ಮರಳಿದ. ಚಿತ್ರದುರ್ಗದ ಒಂದು ಬಟ್ಟೆ ಮಳಿಗೆಯವರು ಸಂದರ್ಶನದ ನಡುವೆಯೇ ಆ ರೀಲ್ಸ್ ತೋರಿಸಿ, “ಇದು ನೀವೇನಾ?” ಎಂದು ಕೇಳಿದರು. ದಾವಣಗೆರೆಯವರು ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಕೆಲಸವಿಲ್ಲದವನ ದಿನ ಮೊಬೈಲಿನಲ್ಲೇ ಬೆಳಗಾಗಿ ಮೊಬೈಲಿನಲ್ಲೇ ಮುಗಿಯುತ್ತಿತ್ತು. ಬೆಳಿಗ್ಗೆ ನೌಕರಿಯ ಆ್ಯಪ್‌ಗಳು. ನಿಮ್ಮ ವಿವರವನ್ನು ಈ ವಾರ ಯಾರೂ ನೋಡಿಲ್ಲವೆಂಬ ಸೂಚನೆ. ಮಧ್ಯಾಹ್ನ ಶಾಪಿಂಗ್: ಶೂ, ಇಯರ್‌ಫೋನ್, ಗೋಡೆ ಗಡಿಯಾರಗಳನ್ನು ಕಾರ್ಟಿಗೆ ತುಂಬಿ, ಒಂದು ಗಂಟೆ ಅವುಗಳ ಒಡೆಯನಂತಿದ್ದು, ಮತ್ತೆ ತೆಗೆದುಹಾಕುವುದು. ಸಂಜೆಗೆ ರೀಲ್ಸ್. ಅಂಗಳದಲ್ಲಿ, ಅರ್ಧ ತುಂಡಾದ ಉಂಗುರದ ಬೆರಳಿನ ಕೈಯಿಂದ ಕಡಲೆಕಾಯಿ ಬಿಡಿಸುತ್ತ ಕುಳಿತ ತಾಯಿ ಕರಿಯಕ್ಕ ಮಗನನ್ನು ನೋಡುತ್ತಿದ್ದಳು.

“ಏನ್ ನೋಡ್ತೀಯೋ ಆ ಮೊಬೈಲ್‌ನಾಗೆ? ಕೆಲಸ ಅದ್ರೊಳಗಿಂದ ಉದುರ್ತೈತೇನು?”

“ಈಗ ಅದ್ರಾಗೇ ಸಿಗೋದವ್ವಾ.”

“ಹಂಗಾದ್ರೆ ಸ್ವಲ್ಪ ಜೋರಾಗಿ ಅಲ್ಲಾಡ್ಸು, ಉದುರ್ಲಿ.”

ಅಂಥದೊಂದು ಮಧ್ಯಾಹ್ನ ಯಾರದೋ ಅನ್‌ಬಾಕ್ಸಿಂಗ್ ವಿಡಿಯೊ ನೋಡುತ್ತಿದ್ದಾಗ ಅವನಿಗೆ ದಾರಿ ಹೊಳೆಯಿತು. ಆನ್‌ಲೈನಿನಲ್ಲಿ ಕೊಳ್ಳುವವರು ನಂಬುವುದು ಒಂದನ್ನೇ: ಎಲ್ಲಿಯೂ ಕತ್ತರಿಸದೆ, ಒಂದೇ ಓಟದಲ್ಲಿ, ಅಂಟು ಒಡೆಯದ ಪಾರ್ಸೆಲ್ ಬಿಚ್ಚುವ ವಿಡಿಯೊ. ಅಂಥ ವಿಡಿಯೊದಲ್ಲಿ ಶಾಂತವೀರಪ್ಪನವರ ಮುದ್ರೆಯ ಪೆಟ್ಟಿಗೆಯೊಳಗಿಂದ ಕೈಮಗ್ಗದ ರೇಷ್ಮೆಯ ಬದಲು ಯಂತ್ರಮಗ್ಗದ ಪಾಲಿಯೆಸ್ಟರ್ ಹೊರಬಂದರೆ? ಬಾಯಿಂದ ಹೋದ ಹೆಸರು ಬಾಯಿಂದ ಮರಳಬಹುದು. ವಿಡಿಯೊದಿಂದ ಹೋದದ್ದು ಮರಳುವುದಿಲ್ಲ. ಅದನ್ನು ಅವನಿಗೆ ಕಲಿಸಿದವರು ಶಾಂತವೀರಪ್ಪನವರೇ.

ಅವನು ಅವಸರ ಮಾಡಲಿಲ್ಲ. ಮೊದಲು ಒಬ್ಬ ಹೆಂಗಸನ್ನು ಸೃಷ್ಟಿಸಿದ. ಹೆಸರು ಲಲಿತಾ, ಊರು ಚಿತ್ರದುರ್ಗ, ವಯಸ್ಸು ನಲವತ್ತರ ಮೇಲೆ, ಮುಖ ತೋರಿಸಲು ಸಂಕೋಚ. ಹಿಂದೊಮ್ಮೆ ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದವನೊಬ್ಬ ಬಿಟ್ಟುಹೋಗಿದ್ದ ಸಿಮ್ಮಿನಿಂದ ಅವಳ ಖಾತೆ ತೆರೆದ. ಮೂರು ತಿಂಗಳು ಅವಳು ಉಪ್ಪಿಟ್ಟು, ತುಳಸಿಕಟ್ಟೆ, ಕಿಟಕಿಯ ಬಿಸಿಲಿನ ಫೋಟೊ ಹಾಕಿದಳು. ಕಡಿಮೆ ಬೆಲೆಯ ಎರಡು ಸೀರೆಗಳನ್ನು ಹೊಗಳಿದಳು, ಒಂದನ್ನು ಮೆತ್ತಗೆ ತೆಗಳಿದಳು. ಯಾರದೋ ಮಗುವಿನ ಜ್ವರಕ್ಕೆ ಕಷಾಯ ಹೇಳಿಕೊಟ್ಟಳು. ಒಂಬತ್ತು ಸಾವಿರ ಜನ ಅವಳನ್ನು ಅಕ್ಕಾ ಎಂದು ಕರೆಯತೊಡಗಿದರು. ಓಬಳೇಶನಿಗೆ ಇಡೀ ಜಿಲ್ಲೆಯಲ್ಲಿ ಸಿಗದ ನಂಬಿಕೆ ಲಲಿತಕ್ಕನಿಗೆ ತೊಂಬತ್ತು ದಿನಗಳಲ್ಲಿ ದಕ್ಕಿತು.

ನಂತರ ಸೀರೆ. ಶಾಂತವೀರಪ್ಪನವರ ಪುಟದಲ್ಲಿದ್ದ ಸೀರೆಗಳಲ್ಲಿ ಒಂದನ್ನು ಆರಿಸಿದ: ಗಿಳಿಹಸಿರು ಒಡಲು, ದಾಳಿಂಬೆ ಬಣ್ಣದ ಅಂಚು, ಅಗಲವಾದ ಜರಿ. ಅದನ್ನು ನೇಯ್ದವನು ಅಂಗಡಿಯ ನೇಕಾರ ಯರ್ರಪ್ಪನೆಂದು ಅಂಚಿನ ಗೋಪುರದ ವಿನ್ಯಾಸ ನೋಡಿಯೇ ಹೇಳಬಲ್ಲವನಾಗಿದ್ದ. ಒಂಬತ್ತು ದಿನ ಹುಡುಕಿ, ಅದಕ್ಕೆ ಅವಳಿಜವಳಿಯಂತಿದ್ದ ಅಗ್ಗದ ಸೀರೆಯೊಂದನ್ನು ಇನ್ನೊಂದು ಆ್ಯಪ್‌ನಲ್ಲಿ ಕಂಡುಕೊಂಡ. ಅದು ಬಂದ ದಿನವೇ ಒಳಕೋಣೆಯ ಟ್ರಂಕಿನಲ್ಲಿ, ತನ್ನ ಅಂಕಪಟ್ಟಿಗಳ ಕಡತದ ಕೆಳಗೆ ಇಟ್ಟ. ಆಮೇಲೆ ಉಳಿದಿದ್ದ ಹಣ ಒಟ್ಟುಮಾಡಿ ಲಲಿತಾಳ ಹೆಸರಿನಲ್ಲಿ ಅಸಲಿ ಸೀರೆಗೆ ಆರ್ಡರ್ ಹಾಕಿದ. ಪಾರ್ಸೆಲ್ ಕೈಗೆ ಬಂದಾಗ ಹಣ ಕೊಡುವ ಕ್ರಮ. ಬ್ಯಾಂಕಿನ ಯಾವ ಗುರುತೂ ಉಳಿಯುವುದಿಲ್ಲ.

ಹನ್ನೆರಡನೆಯ ದಿನ ಕೊರಿಯರ್‌ನ ಅನ್ವರ್ ಕರೆ ಮಾಡಿದ. ಓಬಳೇಶ ಅವನನ್ನು ಚಿತ್ರದುರ್ಗದ ಬಸ್ ನಿಲ್ದಾಣದ ಬಳಿಗೆ ಕರೆಸಿಕೊಂಡ. ಪೂರ್ತಿ ಮುಖದ ಹೆಲ್ಮೆಟ್, ಒಳಗೆ ಮಾಸ್ಕ್.

“ಲಲಿತಾ ಅನ್ನೋರು ನೀವೇನಾ ಸಾರ್?” ಅನ್ವರನ ಗಡ್ಡದಲ್ಲಿ ನಗುವಿತ್ತು.

“ಅವರ ಮನೆಯವರು.”

“ಹೆಂಗಸ್ರು ಆರ್ಡರ್ ಹಾಕೋದು, ಗಂಡಸ್ರು ಬಿಸಿಲಾಗೆ ನಿಂತು ದುಡ್ಡು ಕೊಡೋದು. ನಮ್ಮ ಮನ್ಯಾಗೂ ಇದೇ ಕಥೆ. ಹೆಲ್ಮೆಟ್ ಆದ್ರೂ ತೆಗೀರಿ ಸಾರ್, ಸೆಕೆ.”

“ಧೂಳಿಗೆ ಅಲರ್ಜಿ.”

ಅನ್ವರ್ ಆಗಲೇ ಮುಂದಿನ ಪಾರ್ಸೆಲ್ಲಿನ ನಂಬರಿಗೆ ಕರೆ ಮಾಡುತ್ತಿದ್ದ. ದಿನಕ್ಕೆ ಎಂಬತ್ತು ಮನೆ ತಿರುಗುವವನಿಗೆ ಒಂದು ಹೆಲ್ಮೆಟ್ ನೆನಪಿನಲ್ಲಿ ಉಳಿಯುವುದಿಲ್ಲ.

ಮರುದಿನ ಕರಿಯಕ್ಕ ನನ್ನಿವಾಳದ ನೆಂಟರ ಮನೆಗೆ ಹೋದಳು. ಓಬಳೇಶ ಬಾಗಿಲು ಹಾಕಿಕೊಂಡ. ಆ ಪೆಟ್ಟಿಗೆಗಳನ್ನು ಅವನೇ ಮೂರು ವರ್ಷ ಕಟ್ಟಿದ್ದ. ಅಂಟು ಸಡಿಲಾಗಲು ಟೇಪಿಗೆ ಎಷ್ಟು ಹೊತ್ತು ಬಿಸಿ ಹಿಡಿಯಬೇಕು, ಯಾವ ಮೂಲೆಯಿಂದ ಎತ್ತಿದರೆ ಕಾಗದ ಹರಿಯುವುದಿಲ್ಲ ಎಂಬುದೆಲ್ಲ ಅವನ ಬೆರಳುಗಳಿಗೆ ಗೊತ್ತಿತ್ತು. ಪೆಟ್ಟಿಗೆಯ ತಳ ಬಿಚ್ಚಿ ಅಸಲಿ ಸೀರೆಯನ್ನು ಹೊರತೆಗೆದ. ಅದರ ಮಡಿಕೆಗಳನ್ನು ಎಣಿಸಿ ನಕಲಿಗೂ ಅಷ್ಟೇ ಮಡಿಕೆ ಹಾಕಿದ. ಅಂಗಡಿಯ ಚೀಟಿಯನ್ನು ಬಿಚ್ಚಿ, ಅದೇ ದಾರದಿಂದ, ಅದೇ ಎರಡು ಗಂಟಿನಿಂದ ಇದಕ್ಕೆ ಕಟ್ಟಿದ. ತಳವನ್ನು ಮತ್ತೆ ಅಂಟಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಂಗಡಿಯವರೇ ನೋಡಿದರೂ ತಮ್ಮ ಕೆಲಸವೆಂದೇ ಹೇಳುತ್ತಿದ್ದರು. ಅಂಗಡಿಯ ಕ್ಯಾಮೆರಾ ಅವರ ನೆರವಿಗೆ ಬರುವಂತಿರಲಿಲ್ಲ. ಪ್ಯಾಕಿಂಗ್ ಮೇಜಿನ ಮೇಲಿನ ಕ್ಯಾಮೆರಾ ಎರಡು ವರ್ಷದಿಂದ ಕೆಟ್ಟಿತ್ತು. ಅದನ್ನು ರಿಪೇರಿ ಮಾಡಿಸಿ ಎಂದು ಏಳು ಸಲ ಹೇಳಿದವನು ಅವನೇ.

ಕೊನೆಗೆ ಲಲಿತಕ್ಕನ ಕೈಗಳು. ಮುಂಗೈಯ ಕೂದಲು ಬೋಳಿಸಿ, ಉಗುರಿಗೆ ತಿಳಿಗೆಂಪು ಬಣ್ಣ ಹಚ್ಚಿ, ಆನ್‌ಲೈನಿನಲ್ಲಿ ತರಿಸಿದ ಹಸಿರು ಗಾಜಿನ ಬಳೆಗಳನ್ನು ಸೋಪಿನ ನೀರು ಹಾಕಿ ತೂರಿಸಿಕೊಂಡ. ಒಂದು ಬಳೆ ಒಡೆಯಿತು. ಉಳಿದವು ಸಣ್ಣಗೆ ಕಿಣಿಕಿಣಿ ಎನ್ನುತ್ತ ಅವನಿಗೆ ಧೈರ್ಯ ಹೇಳಿದವು. ಪರದೆಯಲ್ಲಿ ಊರು ಗೊತ್ತಾಗುವ ಏನೂ ಇರಬಾರದೆಂದು ಬಿಳಿ ಹಾಸು ಹಾಕಿದ. ಕಿಟಕಿ ಮುಚ್ಚಿದ. ಮಾತೇ ಇಲ್ಲ, ಬರಹ ಮಾತ್ರ.

ನಾಲ್ಕು ನಿಮಿಷ ಹದಿನೇಳು ಸೆಕೆಂಡಿನ ವಿಡಿಯೊ. ಬಳೆಯ ಕೈಗಳು ಪೆಟ್ಟಿಗೆಯ ಆರೂ ಮುಖಗಳನ್ನು ತೋರಿಸಿದವು, ಟೇಪ್ ಕತ್ತರಿಸಿದವು, ಚೀಟಿ ಓದಿಸಿದವು, ಸೀರೆಯನ್ನು ಒಂದೇ ಕೊಡವಿಗೆ ಬಿಡಿಸಿ ಹಾಸಿದವು. ಸೆರಗಿನಿಂದ ಒಂದು ಎಳೆ ಎಳೆದು ಮೇಣದಬತ್ತಿಗೆ ಹಿಡಿದವು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟಂತೆ ಉರಿದು ಬೂದಿಯಾಗಬೇಕು. ಇದು ಕರಗಿ, ಕಪ್ಪು ಮಣಿಯಾಗಿ ಜೋತುಬಿತ್ತು.

ಎರಡೂ ಸೀರೆಗಳನ್ನು ಅವನು ಅಂದೇ ಮಧ್ಯಾಹ್ನ ಬೈಕಿನಲ್ಲಿ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಕಡೆಗೆ ಒಯ್ದ. ಸರ್ಕಾರಿ ಸಂಸ್ಥೆಗಳು ಗೋಡೆ ಕಟ್ಟಿ ಕ್ಯಾಮೆರಾ ಹಾಕಿದ ಭಾಗವನ್ನು ದೂರದಲ್ಲೇ ಬಿಟ್ಟು, ಹುಲ್ಲಿಲ್ಲದ ಕಲ್ಲುಹೊಂಡವೊಂದನ್ನು ಹುಡುಕಿ ಪೆಟ್ರೋಲ್ ಸುರಿದ. ಒಂದು ಕರಗಿ ಮುದ್ದೆಯಾಯಿತು. ಇನ್ನೊಂದರಿಂದ ಕೂದಲು ಸುಟ್ಟ ವಾಸನೆ ಎದ್ದು ಬಯಲಿಗೆಲ್ಲ ಹರಡಿತು. ಶಾಂತವೀರಪ್ಪನವರ ಸೀರೆ ಅಪ್ಪಟವೆಂದು ಹೇಳುವ ಏಕೈಕ ಸಾಕ್ಷಿ ಆ ವಾಸನೆ. ಕೇಳಲು ಅಲ್ಲಿ ಎರಡು ಕುರಿಗಳಿದ್ದವು. ಯರ್ರಪ್ಪ ಇದಕ್ಕೆ ಹನ್ನೆರಡು ದಿನ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತಿರಬೇಕು ಎಂಬ ಲೆಕ್ಕ ಮನಸ್ಸಿಗೆ ಬಂತು. ಅದನ್ನು ತಳ್ಳಿ, ಮುದ್ದೆಯನ್ನು ಹೂತು ಬಂದ.

ವಿಡಿಯೊ ಮೂರು ದಿನಗಳಲ್ಲಿ ಎರಡು ಲಕ್ಷ ಜನರನ್ನು ಮುಟ್ಟಿತು. ಓಬಳೇಶ ಚಹಾದ ಲೋಟ ಹಿಡಿದು ಒಂದೊಂದೇ ಕಾಮೆಂಟ್ ಓದಿದ. ಮೋಸಗಾರರು. ಮದುವೆಗೆ ಐದು ಸೀರೆ ಹೇಳಿದ್ದೆ, ರದ್ದು ಮಾಡಿದೆ. ನಮ್ಮ ಲಲಿತಕ್ಕ ಸುಳ್ಳು ಹೇಳುವವರಲ್ಲ. ಐದನೆಯ ದಿನ ಲಲಿತಾ ಎಲ್ಲರಿಗೂ ಕೈಮುಗಿದು, ಬೆದರಿಕೆ ಬರುತ್ತಿದೆಯೆಂದು ಬರೆದು, ಖಾತೆಯನ್ನು ಮುಚ್ಚಿ ಮಾಯವಾದಳು. ಸಿಮ್ ಕೆರೆಯ ಪಾಲಾಯಿತು. ವಿಡಿಯೊ ಮಾತ್ರ ಸಾವಿರ ಮೊಬೈಲುಗಳಲ್ಲಿ ಉಳಿಯಿತು. ಹತ್ತನೆಯ ದಿನಕ್ಕೆ ಅಂಗಡಿ ಹನ್ನೊಂದು ಮಗ್ಗಗಳಿಗೆ ನೂಲು ಕೊಡುವುದನ್ನು ನಿಲ್ಲಿಸಿತೆಂಬ ಸುದ್ದಿ ಬಂತು.

ಯುಗಾದಿಗೆ ಆರು ದಿನ ಇರುವಾಗ ಮನೆಯ ಮುಂದೆ ಒಂದು ಕಾರು ನಿಂತಿತು. ಶಾಂತವೀರಪ್ಪ ಇಳಿದರು, ಹಿಂದೆ ಅವರ ಸೊಸೆ ತೇಜಶ್ರೀ. ಓಬಳೇಶ ಇದಕ್ಕೂ ಸಿದ್ಧನಾಗಿದ್ದ. ಅನುಮಾನ ಬಂದರೆ ಏನು ಹೇಳಬೇಕು, ಯಾವಾಗ ಸಿಟ್ಟು ತೋರಿಸಬೇಕು, ಎಲ್ಲವನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದ. ಆದರೆ ಮುದುಕರು ಹೊಸಿಲು ದಾಟಿದವರೇ ಅವನ ಕೈ ಹಿಡಿದುಕೊಂಡರು.

“ನಿನ್ನ ಮ್ಯಾಲೆ ಸುಳ್ಳು ಹೊರಿಸಿದ್ನಪ್ಪಾ. ಈಗ ನನ್ನ ಮ್ಯಾಲೆ ಹೊರಿಸ್ಯಾರೆ. ಅವಾಗ ನಿಂಗೆ ಹೆಂಗಾಗಿತ್ತು ಅಂತ ಈಗ ಗೊತ್ತಾತು.”

“ನನ್ ಕೈಲಿ ಏನಾಗ್ತದೆ ಸಾಹುಕಾರ್ರೆ?” ಓಬಳೇಶ ತಲೆ ತಗ್ಗಿಸಿದ. ತಗ್ಗಿಸಿದ್ದು ನಗು ಮುಚ್ಚಲು.

“ನಿನ್ನ ಕೈಲೇ ಆಗೋದು. ಜನ ನಂಬಿದ್ದು ನನ್ನ ನೋಡಿ ಅಲ್ಲ, ನೀನು ಮಾಡ್ತಿದ್ದ ಲೈವ್ ನೋಡಿ. ಬಾ. ಎಲ್ರ ಮುಂದೆ ತಪ್ಪಾತು ಅಂತೀನಿ. ಇನ್ಮ್ಯಾಲೆ ಅಂಗಡಿನಾಗೆ ನಿಂಗೂ ಒಂದು ಪಾಲು.”

ಆ ಕ್ಷಣ ಮುಗಿಯುವುದು ಓಬಳೇಶನಿಗೆ ಬೇಕಿರಲಿಲ್ಲ. ಬೇಕೆಂದು ಕೊಂಡ ವಸ್ತುವಿನ ಜೊತೆಗೆ ಕೇಳದ ಉಡುಗೊರೆಯೊಂದು ಬಂದಂತಿತ್ತು. ಒಳಗಿನಿಂದ ಚಹಾ ತಂದ ಕರಿಯಕ್ಕ, ಮಗನ ಕೈ ಹಿಡಿದು ನಿಂತ ಸಾಹುಕಾರರನ್ನು ಕಂಡು ಬೆರಗಾದಳು.

“ಯಾವ ಸುಳ್ಳವ್ವಾ? ಏನಾಗೈತೆ?” ಎಂದು ತೇಜಶ್ರೀಯನ್ನು ಕೇಳಿದಳು.

“ನಾವು ನಕಲಿ ಸೀರೆ ಮಾರಿದ್ವಿ ಅಂತ ಯಾರೋ ವಿಡಿಯೊ ಬಿಟ್ಟವ್ರೆ ಕರಿಯಕ್ಕ. ನೋಡ್ರಿ, ನಮ್ಮ ಪೆಟ್ಟಿಗೆನೇ, ಚೀಟಿನೂ ನಮ್ದೇ. ಒಳಗಿರೋ ಸೀರೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು.”

ತೇಜಶ್ರೀ ಮೊಬೈಲನ್ನು ಅವಳ ಕಣ್ಣಿನ ಹತ್ತಿರ ಹಿಡಿದಳು. ಬಳೆಯ ಕೈಗಳು ಸೀರೆಯನ್ನು ಕೊಡವಿ ಹಾಸುತ್ತಿದ್ದವು. ಕರಿಯಕ್ಕ ಪರದೆಯನ್ನು ಬೆರಳಿನಿಂದ ಮುಟ್ಟಿದಳು. ವಿಡಿಯೊ ಅಲ್ಲಿಗೆ ನಿಂತಿತು. ಎರಡು ಲಕ್ಷ ಜನ ನೋಡಿದ್ದ ಆ ಮೂಲೆಯನ್ನು ಅವಳು ನೋಡಿ, ಮಗನ ಕಡೆಗೆ ತಿರುಗಿ ನಕ್ಕಳು. “ಅಯ್ಯ, ಇದು ನೀನು ನಂಗೆ ಯುಗಾದಿಗೆ ಅಂತ ತಂದಿಟ್ಟಿದ್ದ ಸೀರೆ ಅಲ್ವೇನೋ ಓಬಳಾ? ಟ್ರಂಕಿನಾಗೆ ಮುಚ್ಚಿಟ್ರೆ ನಂಗೆ ಕಾಣಾಕಿಲ್ಲ ಅಂದ್ಕಂಡ್ಯಾ? ಕೆಲಸ ಇಲ್ದಿದ್ರೂ ಅವ್ವಂಗೆ ಸೀರೆ ತಂದವ್ನೆ ಅಂತ ಅವತ್ತೆಲ್ಲ ಅತ್ತೆ ಕಣಪ್ಪಾ. ಹೊಸ ಬಟ್ಟೆ ಹಂಗೇ ಇಡಬಾರ್ದು ಅಂತ ಮೂಲೆಗೆ ಅರಿಶಿನ ಹಚ್ಚಿ, ನೀನಿಟ್ಟಂಗೇ ಇಟ್ಟಿದ್ದೆ. ಬಳೆ ಇಲ್ದ ಕೈಯಲ್ವಾ ನಂದು, ಅದ್ರಾಗೂ ಉಂಗುರದ ಬೆರಳು ಅರ್ಧ ಇಲ್ಲ. ಹಂಗೇ ಬಿದ್ದೈತೆ ನೋಡು, ಎರಡು ಉದ್ದ, ಒಂದು ಗಿಡ್ಡ.” ಜರಿಯ ಹೊಳಪಿನ ಪಕ್ಕದಲ್ಲಿ, ಜರಿಯದೇ ಬಣ್ಣದಲ್ಲಿ, ಮೂರು ಬೆರಳ ಗುರುತು ಪರದೆಯ ಮೇಲೆ ಕದಲದೆ ನಿಂತಿತ್ತು. ಶಾಂತವೀರಪ್ಪ ಹಿಡಿದಿದ್ದ ಕೈಯನ್ನು ಬಿಡಲಿಲ್ಲ; ಮೆಲ್ಲನೆ ಬೆಳಕಿನ ಕಡೆಗೆ ತಿರುಗಿಸಿ, ಇನ್ನೂ ಪೂರ್ತಿ ಕೂದಲು ಬೆಳೆಯದ ಅದರ ಮುಂಗೈಯನ್ನು ನೋಡುತ್ತ ನಿಂತರು.