ಅಮ್ಮನ ತೋಟದಲ್ಲಿ ಆನೆಗಾತ್ರದ ಕೋಳಿ

ಅಮ್ಮನ ಬಾಯಿ ತುಂಬ ಗುಂಡುಸೂಜಿ. ಸ್ಟೂಲಿನ ಮೇಲೆ ನಿಂತ ಗಿರಾಕಿಯ ಲಂಗದ ಅಂಚು ಮಡಿಸುತ್ತ, ತುಟಿಯಿಂದ ಒಂದೊಂದೇ ಸೂಜಿ ತೆಗೆದು ಚುಚ್ಚುತ್ತಿದ್ದಳು. ಗುಬ್ಬಿ ಈ ಹೊತ್ತಿಗಾಗಿಯೇ ಕಾದಿದ್ದಳು.

ಬಾಯಲ್ಲಿ ಸೂಜಿ ಇದ್ದಾಗ ಅಮ್ಮ ಏನು ಕೇಳಿದರೂ "ಹ್ಞೂಂ" ಎನ್ನುತ್ತಾಳೆ. ಎರಡನೇ ಐಸ್‌ಕ್ರೀಮ್, ಅಕ್ಕನ ಬಣ್ಣದ ಪೆನ್ನು, ಗೆಳತಿಯ ಮನೆಯಲ್ಲಿ ಒಂದು ರಾತ್ರಿ, ಹೀಗೆ ಗುಬ್ಬಿಯ ಜೀವನದ ದೊಡ್ಡ ದೊಡ್ಡ ಅನುಮತಿಗಳೆಲ್ಲ ಸೂಜಿಗಳ ಸಂದಿಯಿಂದಲೇ ಬಂದಿದ್ದವು.

"ಅಮ್ಮಾ, ನಿನ್ನ ತೋಟದ ಗೇಮ್‌ಗೆ ಒಂದೆರಡು ಮಾಡ್ ಹಾಕ್ಲಾ?"

"ಹ್ಞೂಂ."

"ಆಮೇಲೆ ಬೈಬಾರ್ದು, ಆಯ್ತಾ?"

"ಹ್ಞೂಂ... ಹ್ಞೂಂಹೂಂ!" ಅಮ್ಮ ತಲೆ ಅಲ್ಲಾಡಿಸುವಷ್ಟರಲ್ಲಿ ಗುಬ್ಬಿ ಹಾರಿಹೋಗಿದ್ದಳು.

ದಿನಾ ಸಂಜೆ ಹೊಲಿಗೆ ಮುಗಿಸಿ, ಅಡುಗೆಗೆ ಇಳಿಯುವ ಮೊದಲು ಅಮ್ಮ ಸ್ವಲ್ಪ ಹೊತ್ತು ಕಂಪ್ಯೂಟರಿನಲ್ಲಿ ತೋಟದ ಆಟ ಆಡುತ್ತಿದ್ದಳು. ಆ ತೋಟವೋ! ಒಂದು ಪುಟ್ಟ ಮನೆ, ಒಂದು ಹಸು, ನಾಲ್ಕಾರು ಕೋಳಿ, ಒಂದು ಕೊಳ, ಅದರ ಪಕ್ಕ ಒಂದು ಬೆಂಚು. ಮುಗಿಯಿತು. ಇಷ್ಟು ಸಪ್ಪೆ ತೋಟವನ್ನು ಗುಬ್ಬಿ ಜನ್ಮದಲ್ಲಿ ಕಂಡಿರಲಿಲ್ಲ. ಅವಳ ಗೆಳತಿಯರ ತೋಟಗಳಲ್ಲಿ ರಾಕೆಟ್ ಹಾರುತ್ತಿದ್ದವು. ಪಾಪ, ಅಮ್ಮನಿಗೆ ಆಡಲು ಬರುವುದಿಲ್ಲ ಎಂದುಕೊಂಡಿದ್ದಳು ಗುಬ್ಬಿ.

ಮಾಡ್ ಎಂದರೆ ಆಟಕ್ಕೆ ಬೇರೆ ಯಾರೋ ಮಾಡಿಟ್ಟ ಹೊಸ ಸಾಮಾನು. ಅದನ್ನು ಒಳಗೆ ಹಾಕುವುದು, ಬೇಡವಾದರೆ ಹೊರಗೆ ತೆಗೆಯುವುದು ಮಾಡ್ ಮ್ಯಾನೇಜರಿನ ಕೆಲಸ. ಗುಬ್ಬಿ ಅದನ್ನು ತೆರೆದು ಮೊದಲು ಹಸುವಿಗೆ ಹ್ಯಾಟು ಹಾಕಿದಳು. ಕೊಳಕ್ಕೆ ಜಾರುಬಂಡೆ ಇಟ್ಟಳು. ಆಮೇಲೆ ಆನೆಗಾತ್ರದ ಕೋಳಿ ಕಾಣಿಸಿತು. ಆ ಕೋಳಿ ಬರಬೇಕಾದರೆ 'ದೈತ್ಯ ಪ್ರಾಣಿಗಳು' ಎಂಬ ಮಾಡ್ ಬೇಕು ಎಂದಿತು ಮ್ಯಾನೇಜರ್. ಅದಕ್ಕೆ ಇನ್ನೊಂದು ಬೇಕಂತೆ, ಆ ಇನ್ನೊಂದಕ್ಕೆ ಮತ್ತೊಂದು. ನೆಂಟರನ್ನು ಕರೆದರೆ ನೆಂಟರ ನೆಂಟರೂ ಗಂಟುಮೂಟೆ ಕಟ್ಟಿಕೊಂಡು ಬಂದಂತಾಯಿತು. ಗುಬ್ಬಿ ಎಲ್ಲರನ್ನೂ ಒಳಗೆ ಕರೆದಳು.

ಅಮ್ಮ ಬಂದು ಕುಳಿತು ಆಟ ತೆರೆದಳು. ಹಸು ಹ್ಯಾಟು ತೆಗೆದು ನಮಸ್ಕಾರ ಮಾಡಿತು. ಅಮ್ಮ ಬೆಚ್ಚಿದಳು.

"ಇದೇನೇ ಇದು! ನನ್ನ ಮನೆ ಎಲ್ಲಿ ಹೋಯ್ತು?"

"ಅಲ್ಲೇ ಇದೆಯಮ್ಮಾ. ಕೋಳಿ ಅದರ ಮೇಲೆ ಕಾವಿಗೆ ಕೂತಿದೆ ಅಷ್ಟೇ."

"ಬೆಂಚು?"

ಬೆಂಚಿನ ಮೇಲೆ ಇನ್ನೊಂದು ಕೋಳಿ ಕುಳಿತಿತ್ತು. ಬೆಂಚಿನ ಒಂದು ಕಾಲು ಮಾತ್ರ ಪುಕ್ಕದ ಕೆಳಗೆ ಕಾಣುತ್ತಿತ್ತು.

"ಚೆನ್ನಾಗಿದೆ ಅಲ್ವಾ?" ಎಂದಳು ಗುಬ್ಬಿ.

"ಚೆನ್ನಾಗಿದೆ ಚಿನ್ನ..." ಅಮ್ಮನ ಮುಖ ಮಾತ್ರ ಹಾಗೆ ಹೇಳಲಿಲ್ಲ. ಅಷ್ಟರಲ್ಲಿ ಕರೆಗಂಟೆ ಬಡಿಯಿತು. ಪಕ್ಕದ ಮನೆಯ ಅಜ್ಜ ಕೋಟಿನ ಗುಂಡಿ ಹಿಡಿದು ನಿಂತಿದ್ದರು. ಅಮ್ಮ ಎದ್ದಳು. ಬಾಗಿಲ ಬಳಿ ತಿರುಗಿ, "ಮೊದಲು ಹೇಗಿತ್ತೋ ಹಾಗೇ ಮಾಡಿಬಿಡ್ತೀಯಾ?" ಎಂದಳು.

ಅಮ್ಮ ಬೈದಿದ್ದರೆ ವಾಸಿಯಿತ್ತು. ಆ ಮೆತ್ತನೆಯ ಮಾತು ಗುಬ್ಬಿಗೆ ಗುಂಡುಸೂಜಿಯಂತೆಯೇ ಚುಚ್ಚಿತು.

ಹಾಕಿದಷ್ಟು ಸುಲಭವಾಗಿ ತೆಗೆಯಲು ಆಗಲಿಲ್ಲ. 'ದೈತ್ಯ ಪ್ರಾಣಿಗಳು' ತೆಗೆಯಲು ಹೋದರೆ, 'ಕೋಳಿ ಇದನ್ನೇ ನಂಬಿಕೊಂಡಿದೆ' ಎಂದು ಕೆಂಪು ಅಕ್ಷರ ಬಂತು. ಬಲವಂತವಾಗಿ ತೆಗೆದರೆ ಕೋಳಿ ಹೋಗಿ ಅದರ ಕಾಲುಗಳು ಮಾತ್ರ ಉಳಿದು ತೋಟದ ತುಂಬ ಓಡಾಡತೊಡಗಿದವು.

"ಅಕ್ಕಾ! ಕಾಲು ಓಡಾಡ್ತಿದೆ ಕಣೇ!"

ಅಕ್ಕ ಹಾಸಿಗೆ ಮೇಲೆ ಬೋರಲು ಮಲಗಿ ಫೋನ್ ನೋಡುತ್ತಿದ್ದಳು. ತಲೆ ಎತ್ತಲಿಲ್ಲ. "ಕೊನೇಲಿ ಹಾಕಿದ್ದನ್ನ ಮೊದಲು ತೆಗಿ. ಒಂದೊಂದೇ. ಅವಸರ ಮಾಡ್ಬೇಡ."

ಅವಸರ ಮಾಡದಿದ್ದರೆ ಅವಳು ಗುಬ್ಬಿಯೇ ಅಲ್ಲ. ಮೂಲೆಯಲ್ಲಿ 'ಎಲ್ಲವನ್ನೂ ತೆಗೆ' ಎಂಬ ಗುಂಡಿ ಇತ್ತು. ಒತ್ತಿಯೇ ಬಿಟ್ಟಳು.

ಆಟ ತೆರೆದರೆ, ಆಹಾ! ಹಸುವಿನ ತಲೆ ಬೋಳು. ಕೋಳಿಗಳು ಕೋಳಿಯಷ್ಟೇ. ಬೆಂಚು ಖಾಲಿ. ಗುಬ್ಬಿ ಉಸಿರು ಬಿಟ್ಟಳು.

ಟಕ್ ಟಕ್ ಟಕ್.

ಆಟದೊಳಗಿನ ಮನೆಯ ಬಾಗಿಲನ್ನು ಯಾರೋ ಬಡಿಯುತ್ತಿದ್ದರು. ಮೀಸೆಯ ಬಡಗಿ. 'ಹಾಲು ಇದೆಯೇ?' ಅವನ ಹಿಂದೆ ಮೀನುಗಾರ. 'ನನ್ನ ಬಲೆ ಹರಿದಿದೆ, ಹೊಲಿದು ಕೊಡುವೆಯಾ?' ಅವನ ಹಿಂದೆ ಬೇಲಿಯವರೆಗೂ ಸಾಲು. ಒಬ್ಬಳು ಮುದುಕಿ ಸುಮ್ಮನೆ ಕೈಬೀಸಿ, 'ನಾಳೆ ಮತ್ತೆ ಬರುತ್ತೇನೆ' ಎಂದಳು.

"ಅಕ್ಕಾ, ಇವರೆಲ್ಲ ಯಾರು? ಅಮ್ಮನ ತೋಟಕ್ಕೆ ನರಪಿಳ್ಳೆನೂ ಬರ್ತಿರ್ಲಿಲ್ಲ!"

ಈ ಸಲ ಅಕ್ಕ ಎದ್ದು ಬಂದಳು. "ಗೇಮ್ ಇರೋದೇ ಹೀಗೆ ಪೆದ್ದಿ. ಊರೋರೆಲ್ಲ ಬಂದು ಅದು ಕೊಡು, ಇದು ಕೊಡು ಅಂತಾರೆ. ಅಮ್ಮಂದೂ ಒಂದು ಮಾಡ್ ಇತ್ತಲ್ಲ, ಅದನ್ನೂ ತೆಗೆದ್ಯಾ?"

"ಅಮ್ಮಂದಾ?"

"ಯಾರೂ ಬಾಗಿಲು ಬಡಿಯದ ಹಾಗೆ ಮಾಡೋ ಮಾಡ್. ಅವಳೇ ಹುಡುಕಿ ಹಾಕ್ಕೊಂಡಿದ್ಲು. ನನ್ನ ಕೇಳಲೂ ಇಲ್ಲ."

ಗುಬ್ಬಿ ಬೆಪ್ಪಾದಳು. ಅಮ್ಮನಿಗೆ ಆಡಲು ಬರುತ್ತಿತ್ತು!

ಗುಬ್ಬಿ ಆ ಮಾಡ್ ಹುಡುಕತೊಡಗಿದಳು. ಹುಡುಕುತ್ತಿದ್ದಂತೆ ಆಚೆ ಕೋಣೆಯ ಸದ್ದು ಕಿವಿಗೆ ಬೀಳುತ್ತಿತ್ತು. ಅಜ್ಜ ಹೋದರು, ಕಾಲರ್ ಸಡಿಲ ಎಂದು ಇನ್ಯಾರೋ ಬಂದರು. ಫೋನ್ ಹೊಡೆದುಕೊಂಡಿತು. "ಅಮ್ಮಾ, ನನ್ನ ಚಾರ್ಜರ್ ನೋಡಿದ್ಯಾ?" ಎಂದು ಹಾಸಿಗೆಗೆ ಮರಳಿದ್ದ ಅಕ್ಕ ಕೂಗಿದಳು. ಅಮ್ಮ ಎಲ್ಲರಿಗೂ "ಬಂದೆ, ಬಂದೆ" ಎನ್ನುತ್ತಿದ್ದಳು. ದಿನವೂ ಇದೇ ಸದ್ದು. ಇವತ್ತು ಮಾತ್ರ ಅದು ಗುಬ್ಬಿಗೆ ಕೇಳಿಸಿತು.

ಮಾಡ್ ಸಿಕ್ಕಿತು. ಈ ಸಲ ಅವಳು ಅವಸರ ಮಾಡಲಿಲ್ಲ. ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ಹಾಕಿದಳು. ಬಡಗಿ, ಮೀನುಗಾರ, ಮುದುಕಿ ಎಲ್ಲರೂ ಮಾಯ. ಹಸು ತಣ್ಣಗೆ ಮೇಯುತ್ತಿತ್ತು.

ಅಮ್ಮ ಬಂದು ಕುಳಿತಳು. ಆಟದೊಳಗಿನ ಹೆಂಗಸನ್ನು ಕೊಳದವರೆಗೆ ನಡೆಸಿ, ಬೆಂಚಿನ ಮೇಲೆ ಕೂರಿಸಿ, ಮೌಸಿನಿಂದ ಕೈ ತೆಗೆದಳು. ನೀರು ಅಲುಗಿತು. ಅಷ್ಟೇ.

"ಏನು ಆಡ್ತಿದೀಯಮ್ಮಾ?"

"ಕೂತಿದೀನಿ."

"ಕೂತ್ರೆ ಪಾಯಿಂಟ್ ಬರುತ್ತಾ?"

"ಒಂದೂ ಬರಲ್ಲ," ಎಂದು ಅಮ್ಮ ನಕ್ಕಳು. ಅವಳ ಭುಜಗಳು ಕೆಳಗಿಳಿದಿದ್ದವು. ಇಷ್ಟು ಹೊತ್ತು ಅವು ಮೇಲಿದ್ದದ್ದೇ ಗುಬ್ಬಿಗೆ ಗೊತ್ತಿರಲಿಲ್ಲ.

ನಾಳೆ ಶಾಲೆಗೆ ಬೇಕಾದ ಅಂಟು ಎಲ್ಲಿದೆ ಎಂದು ಕೇಳಬೇಕಿತ್ತು. "ಅಮ್ಮಾ—" ಎಂದಳು.

"ಹ್ಞೂಂ?"

"ಏನಿಲ್ಲ."

ಕರೆಗಂಟೆ ಬಡಿಯಿತು. ಅಮ್ಮ ಏಳುವ ಮೊದಲೇ ಗುಬ್ಬಿ ಓಡಿ, ಬಾಗಿಲನ್ನು ತನ್ನ ಮುಖದಷ್ಟೇ ತೆರೆದಳು. ಹೊರಗೆ ಲಂಗದ ಗಿರಾಕಿ.

"ಸ್ವಲ್ಪ ಹೊತ್ತು ಬಿಟ್ಟು ಬರ್ತೀರಾ, ಆಂಟಿ?"

"ಯಾಕೆ, ಅಮ್ಮ ಮನೇಲಿಲ್ವಾ?"

ಗುಬ್ಬಿ ಒಂದು ಕ್ಷಣ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಇಷ್ಟವಿರಲಿಲ್ಲ.

"ತೋಟಕ್ಕೆ ಹೋಗಿದಾಳೆ," ಎಂದು, ಸದ್ದಾಗದಂತೆ ಬಾಗಿಲು ಹಾಕಿದಳು.

ಒಳಗಿನಿಂದ ಅಮ್ಮ ಕೇಳಿದಳು. "ಯಾರೇ ಅದು?"

"ಯಾರೂ ಇಲ್ಲಮ್ಮಾ," ಎಂದಳು ಗುಬ್ಬಿ. ಆಮೇಲೆ ಅಂಟನ್ನು ತಾನೇ ಹುಡುಕಲು ತುದಿಗಾಲಲ್ಲಿ ಹೊರಟಳು.